ಹೊಸ ಯಂತ್ರ, ಹೊಸ ಕಿವುಡು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಬ್ಯಾಲರಾಟ್, ಬೆಂಡಿಗೊ, ವೆಡರ್‌ಬರ್ನ್ ಊರುಗಳ ನಡುವೆ ಹಬ್ಬಿರುವ ಕುರುಚಲು ಕಾಡಿಗೆ ‘ಗೋಲ್ಡನ್ ಟ್ರಯಾಂಗಲ್’ ಎಂದು ಹೆಸರು. 1851ರಲ್ಲಿ ಅಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿದ ಮೇಲೆ ಗುದ್ದಲಿ, ಪಿಕಾಸಿ, ಬಾಣಲೆ ಹಿಡಿದ ಜನ ಹೊಳೆಯ ಪಾತ್ರವನ್ನೂ ಬಿಡಲಿಲ್ಲ, ಗುಡ್ಡದ ಬೆನ್ನನ್ನೂ ಬಿಡಲಿಲ್ಲ. 1970ರ ದಶಕದ ಕೊನೆಯಿಂದೀಚೆಗೆ ಅದೇ ನೆಲವನ್ನು ಮೆಟಲ್ ಡಿಟೆಕ್ಟರ್ ಹಿಡಿದವರು ಸವರುತ್ತಲೇ ಇದ್ದಾರೆ. ಒಬ್ಬರು ಸವರಿದ್ದನ್ನು ಇನ್ನೊಬ್ಬರು, ತಂದೆ ಸವರಿದ್ದನ್ನು ಮಗ. ಇಲ್ಲಿ ಇನ್ನೇನೂ ಉಳಿದಿಲ್ಲ ಎಂದು ಕೈಚೆಲ್ಲುವವರೇ ಮರುವರ್ಷ ಅದೇ ಇಳಿಜಾರಿನಲ್ಲಿ ಕ್ಯಾರವಾನ್ ನಿಲ್ಲಿಸಿಕೊಂಡಿರುತ್ತಾರೆ. ಅವರನ್ನು ಮರಳಿ ಕರೆತರುವುದು ಬಹಳ ಸಲ ಒಂದು ಗಾಳಿಮಾತು: ಹೊಸ ಮೆಷಿನ್ ಬರುತ್ತದಂತೆ.

ಈ ‘ಅಂತೆ’ಯ ಆಯಸ್ಸು ದೊಡ್ಡದು. ಚಿನ್ನ ಹುಡುಕುವ ಡಿಟೆಕ್ಟರಿನಲ್ಲಿ ನಿಜವಾದ ಹೊಸತು ವರ್ಷಕ್ಕೊಮ್ಮೆ ಬರುವುದಿಲ್ಲ. ಈ ವ್ಯಾಪಾರದಲ್ಲಿ ಎಲ್ಲರೂ ಕಣ್ಣಿಟ್ಟಿರುವ ಕಂಪನಿ ಅಡಿಲೇಡಿನ ಮೈನ್‌ಲ್ಯಾಬ್. 1985ರಲ್ಲಿ ಹುಟ್ಟಿದ ಅದರ ದೊಡ್ಡ ಹೆಜ್ಜೆಗಳನ್ನು ಬೆರಳಲ್ಲಿ ಎಣಿಸಬಹುದು. 1995ರಲ್ಲಿ ಎಸ್‌ಡಿ 2000, 2000ದಲ್ಲಿ ಜಿಪಿ ಎಕ್ಸ್‌ಟ್ರೀಮ್, 2010ರಲ್ಲಿ ಜಿಪಿಎಕ್ಸ್ 5000, 2015ರಲ್ಲಿ ಜಿಪಿಜೆಡ್ 7000, 2021ರಲ್ಲಿ ಜಿಪಿಎಕ್ಸ್ 6000. ನಡುನಡುವೆ ಬಂದವು ಹೆಚ್ಚಾಗಿ ತಿದ್ದುಪಡಿಗಳು. ಅಂದರೆ ಐದಾರು ವರ್ಷ, ಕೆಲವೊಮ್ಮೆ ಹತ್ತು ವರ್ಷ ಕಾಯಬೇಕು. ಆ ಖಾಲಿ ಅವಧಿಯನ್ನು ಊಹೆ ತುಂಬುತ್ತದೆ. ಕಂಪನಿ ಸಲ್ಲಿಸಿದ ಪೇಟೆಂಟ್ ಅರ್ಜಿಗಳನ್ನು ನಿವೃತ್ತ ಎಂಜಿನಿಯರುಗಳು ಜಾತಕ ಓದಿದಷ್ಟು ಶ್ರದ್ಧೆಯಿಂದ ಓದುತ್ತಾರೆ. ನಿಸ್ತಂತು ಹೆಡ್‌ಫೋನ್ ಇರುವ ಯಾವ ಉಪಕರಣವಾದರೂ ಅಮೆರಿಕದಲ್ಲಿ ಮಾರಾಟವಾಗಬೇಕಾದರೆ ರೇಡಿಯೊ ನಿಯಂತ್ರಣ ಸಂಸ್ಥೆಗೆ ದಾಖಲೆ ಕೊಡಬೇಕಲ್ಲ, ಆ ದಾಖಲೆಗಳನ್ನೂ ಜಾಲಾಡುತ್ತಾರೆ. ಅಂಗಡಿಯವರು ಹಳೆಯ ಮಾದರಿಗೆ ದಿಢೀರ್ ರಿಯಾಯಿತಿ ಘೋಷಿಸಿದರೆ ಅದೂ ಒಂದು ಶಕುನವೇ. ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಸೀಮೆಯಲ್ಲಿ ಬೇಸಿಗೆಯ ಬಿಸಿಲಿಗೆ ನಡೆದಾಡುವುದೇ ಕಷ್ಟ. ಹುಡುಕುವ ಕಾಲ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗಿನ ತಂಪಿನ ತಿಂಗಳುಗಳು. ಹಾಗಾಗಿ ಯಂತ್ರ ಮಾರ್ಚಿನಲ್ಲಿ ಬಂದರೆ ಒಂದು ಲೆಕ್ಕ, ಅಕ್ಟೋಬರಿನಲ್ಲಿ ಬಂದರೆ ಇನ್ನೊಂದು.

ಇಷ್ಟು ಕಾತರ ಯಾಕೆ? ನೆಲದಲ್ಲಿನ ಚಿನ್ನವೇನೂ ಹೆಚ್ಚಾಗಿಲ್ಲವಲ್ಲ. ಹೊಸದು ಇನ್ನಷ್ಟು ಆಳಕ್ಕೆ ಹೋಗುತ್ತದೆ ಎಂದು ಸುಲಭವಾಗಿ ಹೇಳಿಬಿಡಬಹುದು. ಜಾಹೀರಾತುಗಳೂ ಅದನ್ನೇ ಹೇಳುತ್ತವೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಸ್ವಾರಸ್ಯ ಇರುವುದು ಬೇರೆ ಕಡೆ. ಒಂದೊಂದು ಯಂತ್ರಕ್ಕೂ ಒಂದೊಂದು ಬಗೆಯ ಕಿವುಡಿದೆ. ಬರಿದಾಯಿತು ಎಂದು ಜನ ಬಿಟ್ಟುಹೋದ ನೆಲದಲ್ಲಿ ಉಳಿದಿರುವುದು ಹಿಂದಿನ ಯಂತ್ರಕ್ಕೆ ಕೇಳಿಸದೆ ಹೋದ ಚಿನ್ನ. ಬೇರೊಂದು ಬಗೆಯಲ್ಲಿ ಕಿವುಡಾದ ಯಂತ್ರ ಬಂದ ದಿನ ಅದು ಸಿಗತೊಡಗುತ್ತದೆ.

ಮೊದಲು ಆಳದ ಮಾತನ್ನು ಮುಗಿಸಿಬಿಡೋಣ. ಡಿಟೆಕ್ಟರಿನ ತುದಿಯ ತಟ್ಟೆಯಲ್ಲಿ ತಾಮ್ರದ ತಂತಿಯ ಸುರುಳಿ ಇರುತ್ತದೆ, ಅದಕ್ಕೆ ಕಾಯಿಲ್ ಎನ್ನುತ್ತಾರೆ. ಅದರಲ್ಲಿ ವಿದ್ಯುತ್ ಹರಿಸಿದಾಗ ಹುಟ್ಟುವ ಕಾಂತಕ್ಷೇತ್ರ ನೆಲದೊಳಕ್ಕೆ ಇಳಿಯುತ್ತದೆ. ಕ್ಷೇತ್ರ ಬದಲಾದಂತೆ ಅಲ್ಲಿರುವ ಲೋಹದ ಚೂರಿನಲ್ಲಿ ಸಣ್ಣ ಸುಳಿ ವಿದ್ಯುತ್ ಹುಟ್ಟಿ, ಅದು ತನ್ನದೇ ಒಂದು ಕಾಂತಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತದೆ. ಆಳ ಹೆಚ್ಚಿದಂತೆ ಇಳಿಯುವ ಕ್ಷೇತ್ರ ದೂರದ ಮೂರನೆಯ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ. ಹತ್ತಿ ಬರುವುದೂ ಹಾಗೆಯೇ ಕುಗ್ಗುತ್ತದೆ. ಎರಡೂ ಸೇರಿದರೆ ಆರನೆಯ ಘಾತ. ಇದರ ಅರ್ಥ ಕಠೋರವಾದದ್ದು. ಒಂದಡಿ ಆಳದಲ್ಲಿ ಕೇಳಿಸುವ ಚೂರು ಎರಡಡಿಯಲ್ಲೂ ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಯಂತ್ರದ ಸಾಮರ್ಥ್ಯ 64 ಪಟ್ಟು ಹೆಚ್ಚಬೇಕು. ಸಾಮರ್ಥ್ಯವನ್ನು ಎರಡು ಪಟ್ಟು ಮಾಡಿದರೆ ಸಿಗುವ ಆಳ ಹೆಚ್ಚೆಂದರೆ ಶೇ 12ರಷ್ಟು ಜಾಸ್ತಿ. ಒಂದಡಿಗೆ ಒಂದೂವರೆ ಇಂಚು! ‘ಎರಡು ಪಟ್ಟು ಆಳ’ ಎಂದು ಯಾರಾದರೂ ಯಂತ್ರ ಮಾರಲು ಬಂದರೆ ಈ ಲೆಕ್ಕ ನೆನಪಿರಲಿ. ದೊಡ್ಡ ಕಾಯಿಲ್ ಹಾಕಿದರೆ ದೊಡ್ಡ ಗಟ್ಟಿಗಳು ಇನ್ನಷ್ಟು ಆಳದಲ್ಲಿ ಸಿಗುತ್ತವೆ ನಿಜ, ಆದರೆ ಸಣ್ಣ ಚೂರು ಅದರ ಲೆಕ್ಕಕ್ಕೇ ಬರುವುದಿಲ್ಲ.

ಹಾಗೆ ನೋಡಿದರೆ ದೊಡ್ಡ ಗಟ್ಟಿಗಳೆಲ್ಲ ಆಳದಲ್ಲೇ ಇದ್ದವು ಎಂದೇನೂ ಇಲ್ಲ. 1869ರಲ್ಲಿ ಮೊಲಿಯಾಗುಲ್ ಎಂಬಲ್ಲಿ ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್‌ಗೆ ಸಿಕ್ಕ ‘ವೆಲ್ಕಮ್ ಸ್ಟ್ರೇಂಜರ್’ ಗಟ್ಟಿ ಮರದ ಬುಡದಲ್ಲಿ ಬರೀ ಮೂರು ಸೆಂಟಿಮೀಟರ್ ಮಣ್ಣು ಹೊದ್ದು ಮಲಗಿತ್ತು. ಅದರ ತೂಕ 70 ಕಿಲೋ ದಾಟುತ್ತಿತ್ತು. ಹತ್ತಿರದ ಡನಲಿ ಊರಿನಲ್ಲಿ ಅಷ್ಟನ್ನು ತೂಗುವ ತಕ್ಕಡಿ ಇರಲಿಲ್ಲ, ಅಡಿಗಲ್ಲಿನ ಮೇಲಿಟ್ಟು ಒಡೆದು ತೂಗಿದರು. ಡಿಟೆಕ್ಟರಿಗೆ ಸಿಕ್ಕವುಗಳಲ್ಲಿ ಅತಿ ಹೆಸರಾದದ್ದು 1980ರ ‘ಹ್ಯಾಂಡ್ ಆಫ್ ಫೇಯ್ತ್’. ಕಿಂಗೋವರ್ ಬಳಿ ಸುಮಾರು ಒಂದಡಿ ಆಳದಲ್ಲಿ ನೆಟ್ಟಗೆ ನಿಂತಿದ್ದ, 27 ಕಿಲೋ ಮೀರಿದ ಗಟ್ಟಿ. ಹತ್ತು ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಅದನ್ನು ಲಾಸ್ ವೇಗಸ್‌ನ ಗೋಲ್ಡನ್ ನಗೆಟ್ ಕ್ಯಾಸಿನೊ ಕೊಂಡುಕೊಂಡಿತು. ಆ ಕಾಲಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. 1971ರವರೆಗೆ ಅಮೆರಿಕ ಒಂದು ಔನ್ಸಿಗೆ 35 ಡಾಲರ್ ಎಂದು ಕಟ್ಟಿಹಾಕಿದ್ದ ಚಿನ್ನದ ಬೆಲೆ, ಹಗ್ಗ ಬಿಚ್ಚಿದ ಮೇಲೆ ಏರುತ್ತ ಏರುತ್ತ 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿತ್ತು. ಮನೆಯ ಕೆಲಸ ಬಿಟ್ಟು ಜನ ಡಿಟೆಕ್ಟರ್ ಹಿಡಿದು ಕಾಡಿಗೆ ಬಂದರು. ಒಂದು ನೂರ್ಮೂವತ್ತು ವರ್ಷ ಹಿಂದಿನ ಗಣಿಯವರ ಕಣ್ಣಿಗೆ ಬೀಳದೆ ಉಳಿದದ್ದನ್ನು ಆ ಕೆಲವೇ ವರ್ಷಗಳಲ್ಲಿ ಬಾಚಿಕೊಂಡರು. ಅಲ್ಲಿಗೆ ಸುಲಭದ ಚಿನ್ನ ಮುಗಿಯಿತು. ಮಿಕ್ಕಿದ್ದು ಕಷ್ಟದ ಚಿನ್ನ. ಅದನ್ನು ಕಷ್ಟವಾಗಿಸಿದ್ದು ಆಳಕ್ಕಿಂತ ಹೆಚ್ಚಾಗಿ ಅಲ್ಲಿನ ಮಣ್ಣು.

ಲೋಹ ಪತ್ತೆಯ ಕತೆಯಲ್ಲಿ ಸುತ್ತಲಿನ ಗದ್ದಲವೇ ಯಂತ್ರವನ್ನು ಸೋಲಿಸಿದ್ದು ಮೊದಲ ದಿನದಿಂದಲೂ ಇದೆ. 1881ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ಒಳಗೆ ಉಳಿದ ಗುಂಡು ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಲೋಹ ಸಿಕ್ಕರೆ ಸದ್ದು ಮಾಡುವ ಉಪಕರಣವೊಂದನ್ನು ತರಾತುರಿಯಲ್ಲಿ ಕಟ್ಟಿ ತಂದ. ಪ್ರಯೋಗದಲ್ಲಿ ಅದು ಕೆಲಸ ಮಾಡಿತ್ತು, ರೋಗಿಯ ಹಾಸಿಗೆಯ ಬಳಿ ಕೈಕೊಟ್ಟಿತು. ಹಾಸಿಗೆಯೊಳಗೆ ಲೋಹದ ಸ್ಪ್ರಿಂಗುಗಳಿದ್ದವು. ಸಾಲದ್ದಕ್ಕೆ, ಮುಖ್ಯ ವೈದ್ಯ ಗುಂಡು ಬಲಕ್ಕೇ ಇದೆ ಎಂದು ಹಟ ಹಿಡಿದು ಆ ಕಡೆಯಷ್ಟೇ ಹುಡುಕಲು ಬಿಟ್ಟಿದ್ದ. ಸೆಪ್ಟೆಂಬರಿನಲ್ಲಿ ಗಾರ್ಫೀಲ್ಡ್ ತೀರಿಕೊಂಡ, ಗುಂಡು ಎಡಕ್ಕಿತ್ತು.

ಆಸ್ಟ್ರೇಲಿಯಾದ ಕೆಂಪು ಮಣ್ಣು ಆ ಸ್ಪ್ರಿಂಗಿನ ಹಾಸಿಗೆಗಿಂತ ಕೆಟ್ಟದ್ದು. ಕೋಟ್ಯಂತರ ವರ್ಷ ಬಿಸಿಲು ಮಳೆಗೆ ಸವೆದ ಆ ನೆಲದ ತುಂಬ ಕಬ್ಬಿಣದ ಆಕ್ಸೈಡುಗಳು, ಮ್ಯಾಗ್ನಟೈಟ್, ಮ್ಯಾಗೆಮೈಟ್ ಮುಂತಾದವು. ಕಾಂತಕ್ಷೇತ್ರ ತಾಗಿದರೆ ಇವೂ ಉತ್ತರ ಕೊಡುತ್ತವೆ, ಅದೂ ಚಿನ್ನದ ಚೂರಿಗಿಂತ ಎಷ್ಟೋ ಪಟ್ಟು ಜೋರಾಗಿ. ಹಳೆಯ ಯಂತ್ರಗಳು ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುವ ಅಲೆಯನ್ನು ಬಿಡುವಿಲ್ಲದೆ ಕಳಿಸುತ್ತ, ಕಳಿಸುತ್ತಲೇ ಕೇಳುತ್ತಿದ್ದವು. ಈ ಜಾತಿಯ ಯಂತ್ರಗಳು ಇವತ್ತಿಗೂ ಇವೆ. ಸದ್ದು ಮಾಡದ ಮಣ್ಣಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಚಿನ್ನವನ್ನೂ ಹಿಡಿಯುತ್ತವೆ, ಕಬ್ಬಿಣದ ಮೊಳೆ ಯಾವುದು ಎಂದು ಒಂದಿಷ್ಟು ಸುಳಿವನ್ನೂ ಕೊಡುತ್ತವೆ. ಆದರೆ ಕೆಂಪು ಮಣ್ಣಿಗೆ ಬಂದರೆ ಕಿರುಚುವುದೊಂದೇ ಅವುಗಳ ಕೆಲಸ.

ಇದಕ್ಕೆ ಸಿಕ್ಕ ಉಪಾಯ ‘ಪಲ್ಸ್ ಇಂಡಕ್ಷನ್’. ಗಂಟೆ ಹೊಡೆದು ಕೈ ಹಿಂದಕ್ಕೆ ತೆಗೆದು, ಉಳಿದ ನಾದವನ್ನಷ್ಟೇ ಆಲಿಸುವ ರೀತಿ ಅದು. ಕಾಯಿಲ್‌ಗೆ ವಿದ್ಯುತ್ ಕೊಟ್ಟು, ಥಟ್ಟನೆ ಕಡಿದು, ಕೆಲವು ಮೈಕ್ರೊಸೆಕೆಂಡು ಸುಮ್ಮನಿದ್ದು ಆಮೇಲೆ ಕೇಳಬೇಕು. ಅಷ್ಟರಲ್ಲಿ ನೆಲದ ದೊಡ್ಡ ಗಲಾಟೆ ಬಹುಪಾಲು ಅಡಗಿರುತ್ತದೆ. ಲೋಹದೊಳಗಿನ ಸುಳಿ ವಿದ್ಯುತ್ತು ಮಾತ್ರ ಇನ್ನೂ ಆರುತ್ತಿರುತ್ತದೆ. ಚಿನ್ನದ ದೊಡ್ಡ ಗಟ್ಟಿಯಲ್ಲಿ ಅದು ಆರಲು ಬಹಳ ಹೊತ್ತು. ಹೊತ್ತು ಎಂದರೆ ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನ ಆಸುಪಾಸು! ಅರ್ಧ ಗ್ರಾಮಿನ ಚೂರಿನಲ್ಲಿ ಅದು ನಾಲ್ಕಾರು ಮೈಕ್ರೊಸೆಕೆಂಡಿಗೇ ಸತ್ತುಹೋಗುತ್ತದೆ. ಸಣ್ಣ ಚೂರು ಬೇಕೆಂದರೆ ಬೇಗ ಕೇಳಬೇಕು, ಆದರೆ ಬೇಗ ಕೇಳಿದರೆ ಕಾಯಿಲ್‌ನದೇ ಕಂಪನ ಇನ್ನೂ ಇಳಿದಿರುವುದಿಲ್ಲ. ಮೇಲಾಗಿ ಮ್ಯಾಗೆಮೈಟಿನ ಅತಿಸೂಕ್ಷ್ಮ ಕಣಗಳು ಕಾಂತವನ್ನು ಒಮ್ಮೆಗೇ ಬಿಡುವುದಿಲ್ಲ, ಸೋಮಾರಿಯಂತೆ ತಡವಾಗಿ ಬಿಡುತ್ತ ಹೋಗುತ್ತವೆ. ಹೀಗಾಗಿ ತಡವಾಗಿ ಕೇಳಿದರೂ ನೆಲದ ಗೊಣಗಾಟ ಪೂರ್ತಿ ನಿಂತಿರುವುದಿಲ್ಲ.

ಮೈನ್‌ಲ್ಯಾಬ್‌ನ ಸಹಸ್ಥಾಪಕ, ಭೌತವಿಜ್ಞಾನಿ ಬ್ರೂಸ್ ಕ್ಯಾಂಡಿ ಹಿಡಿದದ್ದು ಇಲ್ಲಿ. ನೆಲದ ಗೊಣಗಾಟ ಇಳಿಯುವುದಕ್ಕೊಂದು ನಿಯಮ ಇದೆ. ಉದ್ದ ಪಲ್ಸು, ಗಿಡ್ಡ ಪಲ್ಸು ಎರಡನ್ನೂ ಕಳಿಸಿ ಬೇರೆ ಬೇರೆ ಗಳಿಗೆಯಲ್ಲಿ ಮಾದರಿ ತೆಗೆದುಕೊಂಡು, ಒಂದರಿಂದ ಇನ್ನೊಂದನ್ನು ತಕ್ಕ ಪ್ರಮಾಣದಲ್ಲಿ ಕಳೆದರೆ ನೆಲ ಸೊನ್ನೆಯಾಗಿ ಲೋಹ ಉಳಿಯುತ್ತದೆ. 1995ರ ಎಸ್‌ಡಿ 2000 ಅದನ್ನು ಮಾಡಿತು. ಬೇರೆಯವರು ಕಿವಿ ಮುಚ್ಚಿಕೊಂಡು ಬಿಟ್ಟುಬಂದಿದ್ದ ಕೆಂಪು ಮಣ್ಣಿನ ಮೇಲೆ ಅದು ಮೆಲ್ಲನೆ ಗುನುಗುತ್ತ ನಡೆಯಿತು.

ಈಗ ಕಿವುಡಿನ ಮಾತು. ಕಳೆಯುವ ಲೆಕ್ಕಕ್ಕೆ ಒಂದು ದಂಡವಿದೆ. ಯಾವ ಚಿನ್ನದ ಚೂರಿನ ನಾದ ಆರುವ ವೇಗ ನೆಲದ ವೇಗಕ್ಕೆ ತಾಳೆಯಾಗುತ್ತದೋ ಅದು ನೆಲದ ಜತೆಗೇ ಸೊನ್ನೆಯಾಗಿಬಿಡುತ್ತದೆ. ಅದು ಕಾಯಿಲ್‌ನ ಕೆಳಗೇ ಇದ್ದರೂ ಯಂತ್ರ ಸುಮ್ಮನಿರುತ್ತದೆ. ಕೆಲವು ತೂಕ, ಕೆಲವು ಆಕಾರದ ಚಿನ್ನ ಒಂದು ಯಂತ್ರಕ್ಕೆ ಇಲ್ಲವೇ ಇಲ್ಲ ಎಂಬಂತಾಗುವುದು ಹೀಗೆ. ಆಕಾರವೂ ಮುಖ್ಯ. ನಯವಾದ ಗಟ್ಟಿ ಗುಂಡಾಗಿ ಇದ್ದರೆ ಸುಳಿ ವಿದ್ಯುತ್ತಿಗೆ ಓಡಾಡಲು ಜಾಗ. ಅಷ್ಟೇ ತೂಕದ ಚಿನ್ನ ಬಿಳಿಗಲ್ಲಿನೊಳಗೆ ನೂಲೆಳೆಯಂತೆ, ಸ್ಪಂಜಿನಂತೆ ಹರಡಿದ್ದರೆ ಸುಳಿಗೆ ದಾರಿಯೇ ಇಲ್ಲ. ಕೈಯಲ್ಲಿ ಹಿಡಿದರೆ ಭಾರ, ಯಂತ್ರಕ್ಕೆ ಬರೀ ಕಲ್ಲು.

ಯಂತ್ರಗಳ ಸರಣಿಯನ್ನು ಈ ಕಣ್ಣಿನಿಂದ ನೋಡಿದರೆ ಕಾಯುವವರ ಕಾತರ ಅರ್ಥವಾಗುತ್ತದೆ. ಜಿಪಿಎಕ್ಸ್ 5000 ಬಗೆಬಗೆಯ ಮಣ್ಣಿಗೆ ಬಗೆಬಗೆಯ ಪಲ್ಸುಗಳ ಆಯ್ಕೆ ಕೊಟ್ಟಿತು. ಆಳದ ದಪ್ಪ ಗಟ್ಟಿಗೆ ಅದು ಗಟ್ಟಿ ಆಸಾಮಿ, ತೀರ ಸಣ್ಣ ಚೂರುಗಳಿಗೆ ಮಂದ. 2014ರಲ್ಲಿ ಬಂದ ಎಸ್‌ಡಿಸಿ 2300 ಪುಟ್ಟ ಯಂತ್ರ, ಒಡಲು ನೆಲಬಾಂಬು ಹುಡುಕುವ ಸಾಧನದ್ದೇ. ಬಹಳ ಬೇಗ ಆಲಿಸುವ ಅದು ಗ್ರಾಮಿನ ಚಿಲ್ಲರೆ ಚೂರುಗಳನ್ನೆಲ್ಲ ಹೆಕ್ಕಿಕೊಟ್ಟಿತು. ಹಿಂದಿನ ಯಂತ್ರಗಳು ನಡೆದಾಡಿ ಸವೆದ ಇಳಿಜಾರುಗಳಲ್ಲೇ! ಮರುವರ್ಷದ ಜಿಪಿಜೆಡ್ 7000 ಪಲ್ಸ್ ಕಡಿದು ಕೇಳುವ ಕ್ರಮವನ್ನೇ ಬದಲಿಸಿತು. ಸ್ಪಂಜಿನಂಥ ಚಿನ್ನ, ಕಲ್ಲಿನೊಳಗಿನ ಎಳೆಚಿನ್ನ ಅದಕ್ಕೆ ಚೆನ್ನಾಗಿ ಕೇಳಿಸಿತು. ಆದರೆ ಮೂರು ಕಿಲೋಗೂ ಮಿಕ್ಕಿದ ತೂಕ, ಅರವತ್ತು ದಾಟಿದವರ ಭುಜಕ್ಕೆ ಶಿಕ್ಷೆ. ಜಿಪಿಎಕ್ಸ್ 6000 ಸುಮಾರು ಎರಡು ಕಿಲೋಗೆ ಇಳಿದು, ನೆಲಕ್ಕೆ ತಾನೇ ಹೊಂದಿಕೊಳ್ಳುತ್ತ, ಮತ್ತೆ ಸಣ್ಣ ಚೂರುಗಳ ಕಡೆಗೆ ಕಿವಿ ತಿರುಗಿಸಿತು. ಪ್ರತಿ ಸಲವೂ ಆದದ್ದು ಇಷ್ಟೇ: ಕಿವುಡಿನ ಜಾಗ ಒಂದಿಷ್ಟು ಸರಿಯಿತು, ಸರಿದ ಜಾಗದಲ್ಲಿ ಕೂತಿದ್ದ ಚಿನ್ನ ಹೊರಬಂತು. ಅದನ್ನು ಮೊದಲು ಬಂದವರು ಎತ್ತಿಕೊಂಡರು. ಹೊಸ ಯಂತ್ರವನ್ನು ಮೊದಲ ತಿಂಗಳಲ್ಲೇ ಕೊಳ್ಳಬೇಕು ಎಂಬ ಅವಸರ ಬರೀ ಶೋಕಿಯಲ್ಲ, ಅದರಲ್ಲಿ ಲೆಕ್ಕಾಚಾರವೂ ಇದೆ. ವರ್ಷ ಬಿಟ್ಟು ಅದೇ ಯಂತ್ರ ಹಿಡಿದು ಬಂದವನಿಗೆ ಸಿಗುವುದು ಮೊದಲಿನವರು ಮುಚ್ಚಿಹೋದ ಗುಂಡಿಗಳು.

ಬೆಲೆಯ ಲೆಕ್ಕವೂ ಸ್ವಾರಸ್ಯಕರ. 2015ರಲ್ಲಿ ಜಿಪಿಜೆಡ್ 7000ದ ಬೆಲೆ ಅಮೆರಿಕದಲ್ಲಿ ಸುಮಾರು 10,000 ಡಾಲರ್. ಆಗಿನ ಚಿನ್ನದ ಸರಾಸರಿ ದರದಲ್ಲಿ ಅದು 270 ಗ್ರಾಂ ಚಿನ್ನಕ್ಕೆ ಸಮ. 2021ರಲ್ಲಿ ಸುಮಾರು 6,000 ಡಾಲರಿಗೆ ಬಂದ ಜಿಪಿಎಕ್ಸ್ 6000, ಆ ವರ್ಷದ ದರದಲ್ಲಿ ನೂರು ಗ್ರಾಮಿನ ಚಿಲ್ಲರೆ. 2025ರ ಅಕ್ಟೋಬರಿನಲ್ಲಿ ಚಿನ್ನ ಔನ್ಸಿಗೆ 4,000 ಡಾಲರ್ ದಾಟಿದಾಗ ಅದೇ 6,000 ಡಾಲರ್ ಎಂದರೆ ಐವತ್ತು ಗ್ರಾಮಿಗೂ ಕಡಿಮೆ. ಚಿನ್ನದಲ್ಲಿ ಅಳೆದರೆ ಯಂತ್ರ ಮೊದಲಿಗಿಂತ ಅಗ್ಗವಾಗಿದೆ. ಕಾಗದದ ಮೇಲೆ ಇದು ಚೆಂದ. ಆದರೆ ಆ ಐವತ್ತು ಗ್ರಾಮನ್ನು ಅರ್ಧ ಗ್ರಾಮಿನ ಚೂರುಗಳಲ್ಲಿ ಎತ್ತಬೇಕೆಂದರೆ ನೂರು ಚೂರು ಬೇಕು, ಒಂದೊಂದು ಚೂರಿಗೂ ಹತ್ತಾರು ಸುಳ್ಳು ಸದ್ದಿನ ಗುಂಡಿ ತೋಡಬೇಕು.

ಸುಳ್ಳು ಸದ್ದು ಎಂದರೆ ಸೀಸದ ಗುಂಡು, ಬಿಯರ್ ಡಬ್ಬಿಯ ಮುಚ್ಚಳ, ಹಳೆಯ ಗಣಿಯವರ ಬೂಟಿನ ಮೊಳೆ. ಪಲ್ಸ್ ಯಂತ್ರಗಳಿಗೆ ಲೋಹದ ಜಾತಿ ಹೇಳುವ ಶಕ್ತಿ ಬಹಳ ಕಡಿಮೆ, ಸೀಸಕ್ಕೂ ಚಿನ್ನಕ್ಕೂ ಒಂದೇ ರಾಗ. ಅಗೆದವನಿಗೇ ಗೊತ್ತು. ಮೇರಿಬರೋ ಬಳಿಯ ಕಾಡಿನಲ್ಲಿ 2015ರಲ್ಲಿ ಡಿಟೆಕ್ಟರ್ ಹಿಡಿದಿದ್ದ ಒಬ್ಬರಿಗೆ ಜೇಡಿಯಲ್ಲಿ ಹೂತ, 17 ಕಿಲೋ ತೂಗುವ ಕೆಂಪು ಕಲ್ಲು ಸಿಕ್ಕಿತು. ಒಳಗೆ ಚಿನ್ನವಿರಲೇಬೇಕು ಎಂದು ಗರಗಸ, ಗ್ರೈಂಡರ್, ಡ್ರಿಲ್, ಆಮ್ಲ, ಸುತ್ತಿಗೆ ಎಲ್ಲವನ್ನೂ ಪ್ರಯೋಗಿಸಿದರು. ಕಲ್ಲು ಜಗ್ಗಲಿಲ್ಲ. ಕೊನೆಗೆ ಮೆಲ್ಬರ್ನ್ ವಸ್ತುಸಂಗ್ರಹಾಲಯಕ್ಕೆ ಹೊತ್ತೊಯ್ದರೆ, ಅದು 460 ಕೋಟಿ ವರ್ಷ ಹಳೆಯ ಉಲ್ಕಾಶಿಲೆ! ಇನ್ನೊಂದು ಬಗೆಯ ಅದೃಷ್ಟವೂ ಉಂಟು. 2023ರಲ್ಲಿ ಅದೇ ಗೋಲ್ಡನ್ ಟ್ರಯಾಂಗಲ್‌ನಿಂದ ಒಬ್ಬರು 4.6 ಕಿಲೋ ತೂಕದ ಕಲ್ಲೊಂದನ್ನು ಜೀಲಾಂಗ್ ಊರಿನ ಚಿನ್ನದಂಗಡಿಗೆ ತಂದರು. ಅದರಲ್ಲಿ 2.6 ಕಿಲೋ ಚಿನ್ನವಿತ್ತು, ಬೆಲೆ 2,40,000 ಆಸ್ಟ್ರೇಲಿಯನ್ ಡಾಲರ್. ಅವರ ಕೈಯಲ್ಲಿದ್ದದ್ದು ಮೇಲೆ ಹೇಳಿದ ದುಬಾರಿ ಯಂತ್ರಗಳಲ್ಲಿ ಯಾವುದೂ ಅಲ್ಲ, ನಾಣ್ಯ ಹುಡುಕುವವರೂ ಬಳಸುವ ಈಕ್ವಿನಾಕ್ಸ್ 800 ಎಂಬ ಸಾಧಾರಣ ಬೆಲೆಯದ್ದು. ಈ ಸುದ್ದಿ ಓದಿದ ಮೇಲೂ ಜನ ಹೊಸ ದುಬಾರಿ ಮಾದರಿಗೇ ಕಾದರು ಎಂಬುದನ್ನು ಯಾವ ಭೌತವಿಜ್ಞಾನವೂ ವಿವರಿಸಲಾರದು.

ಹವ್ಯಾಸಿಗಳು ಹೀಗೆ ರಾಜಾರೋಷವಾಗಿ ಹುಡುಕಿ ಸಿಕ್ಕಿದ್ದನ್ನು ತಮ್ಮದೆನ್ನಲು ಅಲ್ಲೊಂದು ಕಾಗದವಿದೆ, ‘ಮೈನರ್ಸ್ ರೈಟ್’. ಅದರ ಹಿಂದೆ ರಕ್ತ ಹರಿದಿದೆ. 1850ರ ದಶಕದ ಆರಂಭದಲ್ಲಿ ಚಿನ್ನ ಸಿಗಲಿ ಬಿಡಲಿ, ಅಗೆಯುವವನು ತಿಂಗಳಿಗೆ 30 ಷಿಲಿಂಗ್ ಲೈಸೆನ್ಸ್ ಶುಲ್ಕ ತೆರಬೇಕಿತ್ತು. 1854ರ ಡಿಸೆಂಬರಿನಲ್ಲಿ ಬ್ಯಾಲರಾಟ್‌ನ ಯುರೇಕಾದಲ್ಲಿ ಗಣಿಗಾರರು ದಂಗೆ ಎದ್ದರು, ಸೈನಿಕರ ದಾಳಿಗೆ ಹಲವರು ಸತ್ತರು. ಮರುವರ್ಷ ಸರ್ಕಾರ ಬಗ್ಗಿ, ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರ ತಂದಿತು. ಅದನ್ನು ಹೊಂದಿದವನಿಗೆ ಮತದಾನದ ಹಕ್ಕೂ ಬಂತು. ಈಗ ವಿಕ್ಟೋರಿಯಾದಲ್ಲಿ ಆ ಕಾಗದ ಹತ್ತು ವರ್ಷ ಬಾಳುತ್ತದೆ, ಶುಲ್ಕ ಅಲ್ಪ. ಕೈ ಸಲಕರಣೆ ಮಾತ್ರ ಬಳಸಬೇಕು, ತೋಡಿದ ಗುಂಡಿ ಮುಚ್ಚಬೇಕು.

ಯಂತ್ರದ ಇನ್ನೊಂದು ಮಾರುಕಟ್ಟೆಯಲ್ಲಿ ಇಂಥ ನೆಮ್ಮದಿಯಿಲ್ಲ. ಸುಡಾನ್, ಗಿನಿ ಮುಂತಾದ ಆಫ್ರಿಕದ ದೇಶಗಳಲ್ಲಿ ಡಿಟೆಕ್ಟರ್ ಹವ್ಯಾಸವಲ್ಲ, ಹೊಟ್ಟೆಪಾಡು. ಒಂದು ಯಂತ್ರಕ್ಕೆ ಹಲವರು ಸೇರಿ ಹಣ ಹಾಕುತ್ತಾರೆ, ಇಲ್ಲವೇ ವರ್ತಕ ಕೊಟ್ಟ ಯಂತ್ರಕ್ಕೆ ಸಿಕ್ಕ ಚಿನ್ನದಲ್ಲಿ ಪಾಲು ಕೊಡುತ್ತಾರೆ. ಈ ಮಾರುಕಟ್ಟೆಗೆ ಚೀನಾದ ನಕಲಿ ಯಂತ್ರಗಳು ನುಗ್ಗಿದವು. ಮೈನ್‌ಲ್ಯಾಬಿನ ಒಡೆತನ 2008ರಿಂದ ಕೊಡಾನ್ ಕಂಪನಿಯದ್ದು. ಅದರ ನೌಕರನ ಲ್ಯಾಪ್‌ಟಾಪಿನಿಂದ ಚೀನಾ ಪ್ರವಾಸದಲ್ಲಿದ್ದಾಗ ವಿನ್ಯಾಸಗಳು ಕಳುವಾಗಿದ್ದವು. ಕಂಪನಿ ಬೆಲೆ ಇಳಿಸಬೇಕಾಯಿತು, 2013-14ರಲ್ಲಿ ಲಾಭ 4.5 ಕೋಟಿ ಆಸ್ಟ್ರೇಲಿಯನ್ ಡಾಲರಿನಿಂದ ಒಂದು ಕೋಟಿಯ ಕೆಳಕ್ಕೆ ಬಿತ್ತು. ಹೊಸ ಮಾದರಿಯ ಬಗ್ಗೆ ಕಂಪನಿ ಕೊನೆಯ ಗಳಿಗೆಯವರೆಗೆ ತುಟಿ ಬಿಚ್ಚದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು. ಆ ಸುಡಾನಿನಲ್ಲೇ 2023ರಿಂದ ನಡೆದಿರುವ ಯುದ್ಧದಲ್ಲಿ ಎರಡೂ ಪಕ್ಷಗಳ ಖರ್ಚಿಗೆ ಚಿನ್ನ ಒದಗುತ್ತಿದೆ. ಇದೇ ಕಂಪನಿಯ ನೆಲಬಾಂಬು ಶೋಧಕಗಳು ಯುದ್ಧ ಮುಗಿದ ದೇಶಗಳಲ್ಲಿ ಮಣ್ಣಿನ ಗೊಣಗಾಟವನ್ನು ಕಳೆದು ಬಾಂಬು ಹುಡುಕುತ್ತವೆ. ಒಂದೇ ಗಣಿತ, ಎರಡು ಕಸುಬು.

ಕೋಲಾರ, ಹಟ್ಟಿಗಳ ನಾಡಿನಲ್ಲಿ ಈ ಯಂತ್ರ ಹಿಡಿದವರು ಯಾಕಿಲ್ಲ ಎಂದು ಕೇಳಬಹುದು. ನಮ್ಮ ಚಿನ್ನದ ಕತೆಗೆ ಆ ದಕ್ಷಿಣ ಗೋಳಾರ್ಧದ ನಂಟೂ ಇದೆ. 1870ರ ದಶಕದಲ್ಲಿ ಕೋಲಾರದ ನೆಲ ಅಗೆಯಲು ಮೈಸೂರು ಸರ್ಕಾರದಿಂದ ಗುತ್ತಿಗೆ ಪಡೆದ ಮೈಕೆಲ್ ಲಾವೆಲ್, ನ್ಯೂಜಿಲೆಂಡಿನ ಯುದ್ಧದಲ್ಲಿ ಕಾದಾಡಿ ಅಲ್ಲಿಂದ ಚಿನ್ನದ ಗೀಳು ಹತ್ತಿಸಿಕೊಂಡು ಬೆಂಗಳೂರಿಗೆ ಬಂದವನು. ಬೆಂಗಳೂರಿನ ಲಾವೆಲ್ ರಸ್ತೆಗೆ ಅವನದೇ ಹೆಸರು. ಆದರೆ ಅವನು ನ್ಯೂಜಿಲೆಂಡಿನಲ್ಲಿ ಕಂಡಂಥ ಚಿನ್ನವಲ್ಲ ಇಲ್ಲಿಯದು. ಕೆಜಿಎಫ್ ಮುಚ್ಚಿದ 2001ರ ಹೊತ್ತಿಗೆ ಅಲ್ಲಿಂದ 800 ಟನ್ನಿಗೂ ಹೆಚ್ಚು ಚಿನ್ನ ತೆಗೆದಿದ್ದರು. ಅದರಲ್ಲಿ ಬಹುಪಾಲು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಬಿಳಿಗಲ್ಲಿನ ಪದರಗಳಲ್ಲಿ ಸಣ್ಣ ಕಣಗಳಾಗಿ ಹರಡಿದ್ದ ಚಿನ್ನ. ಹಟ್ಟಿಯಲ್ಲಿ ಇವತ್ತಿಗೂ ಒಂದು ಟನ್ ಅದಿರು ಅರೆದರೆ ಕೆಲವೇ ಗ್ರಾಂ. ಒಂದಕ್ಕೊಂದು ಅಂಟದ ಕಣಗಳಲ್ಲಿ ಸುಳಿ ವಿದ್ಯುತ್ತಿಗೆ ನೆಲೆಯಿಲ್ಲ, ಆದ್ದರಿಂದ ಶ್ರೀಮಂತ ಅದಿರಿನ ಗುಡ್ಡೆಯ ಮೇಲೆ ಆಡಿಸಿದರೂ ಯಾವ ಡಿಟೆಕ್ಟರೂ ಬಾಯಿ ಬಿಡಲಿಕ್ಕಿಲ್ಲ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ರಜ ಆರಿಸುತ್ತಿದ್ದ ಜಾಲಗಾರರನ್ನು 1870ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಂಡು ಬರೆದಿದ್ದಾನೆ. ಆ ರಜಕ್ಕೆ ಮರಿಗೆಯೇ ಸರಿಯಾದ ಯಂತ್ರ. ಕಾನೂನಿನ ಮಾತೂ ಇದೆ. 1957ರ ಗಣಿ ಕಾಯ್ದೆಯ ಚೌಕಟ್ಟಿನಲ್ಲಿ ಚಿನ್ನದ ಶೋಧವೆಂದರೆ ಸರ್ಕಾರದ ಹರಾಜು, ಗುತ್ತಿಗೆ. ನೆಲದಡಿ ನಿಧಿ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಬೇಕು.

ಆದರೂ ಇಲ್ಲಿ ಡಿಟೆಕ್ಟರ್ ಮಾರಾಟವಾಗುತ್ತದೆ, ಹಾಳು ಗುಡಿ ಅಗೆಯುವ ನಿಧಿಗಳ್ಳರ ಕೈಗೆ. ಅವರಿಗೆ ಮಾರುವ ಸರಕಿನಲ್ಲಿ ಎರಡು ಕಡ್ಡಿ, ಒಂದು ಹಿಡಿ ಇಟ್ಟುಕೊಂಡು ಫರ್ಲಾಂಗು ದೂರದ ಚಿನ್ನ ತೋರಿಸುತ್ತೇವೆ ಎನ್ನುವ ‘ಲಾಂಗ್ ರೇಂಜ್’ ಆಟಿಕೆಗಳೇ ಹೆಚ್ಚು ಅಪಾಯಕಾರಿ. ಆರನೆಯ ಘಾತದ ನಿಯಮ ಬಲ್ಲವರಿಗೆ ಇವುಗಳನ್ನು ಕಂಡರೆ ನಗು ಬರಬೇಕು. ಆದರೆ ಇದೇ ಜಾತಿಯ ಎಡಿಇ 651 ಎಂಬ ಖೊಟ್ಟಿ ಕಡ್ಡಿಯನ್ನು ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಬಾಂಬು ಶೋಧಕವೆಂದು ಇರಾಕಿಗೆ ಮಾರಿದ್ದ. ಅದರ ಮೂಲ ಗಾಲ್ಫ್ ಚೆಂಡು ಹುಡುಕಿಕೊಡುತ್ತೇವೆಂದು ಮಾರುತ್ತಿದ್ದ ಒಂದು ಆಟಿಕೆ. ಬಾಗ್ದಾದಿನ ತಪಾಸಣಾ ಗೇಟುಗಳಲ್ಲಿ ಅದನ್ನು ನಂಬಿ ಬಾಂಬು ತುಂಬಿದ ಗಾಡಿಗಳನ್ನು ಒಳಬಿಟ್ಟರು. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು.

ನಿಜವಾದ ಯಂತ್ರಕ್ಕೆ ಕಾದವರ ಪೇಚು ಬೇರೆ ತರಹದ್ದು. ಒಂದೊಂದು ಪೀಳಿಗೆಗೂ ಯಂತ್ರ ಹೆಚ್ಚು ಸೂಕ್ಷ್ಮವಾದಂತೆ ನೆಲದ ಗೊಣಗಾಟದ ಮೇಲೆ ಮನುಷ್ಯರ ಗೊಣಗಾಟ ಏರಿದೆ. ವಿದ್ಯುತ್ ತಂತಿ, ಜೇಬಿನ ಫೋನು, ದೂರದ ಸಿಡಿಲು, ಎಲ್ಲವೂ ಹೆಡ್‌ಫೋನಿನಲ್ಲಿ ಚಿಲಿಪಿಲಿಗುಟ್ಟುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಪಕ್ಕದಲ್ಲಿ ನಡೆಯುವ ಅದೇ ಮಾದರಿಯ ಇನ್ನೊಂದು ಯಂತ್ರ. ಅದರ ಪಲ್ಸು ಇದರ ಕಿವಿಗೇ ಬೀಳುತ್ತದೆ. ಮೊದಲ ವಾರವೇ ಎಲ್ಲರೂ ತಮ್ಮ ತಮ್ಮ ಹಳೆಯ ಗುಟ್ಟಿನ ಜಾಗಗಳಿಗೆ ಓಡುತ್ತಾರೆ. ಆ ಗುಟ್ಟಿನ ಜಾಗಗಳು ಬಹುಪಾಲು ಒಂದೇ ಆಗಿರುತ್ತವೆ. ಹೊಸ ಯಂತ್ರ ಹಿಡಿದ ಇಬ್ಬರು ಎದುರಾದರೆ ಮೊದಲು ಆಗಬೇಕಾದ ಮಾತುಕತೆ, ಯಾರು ಎಷ್ಟು ದೂರ ಸರಿಯಬೇಕು ಎಂಬುದು.